ಗಾಜಿನ ಪೆಟ್ಟಿಗೆಯಲ್ಲಿದ್ದ ಗೈಡ್

ನಮ್ಮ ಮುಖ್ಯ ವೈದ್ಯರಿಗೆ ತಮ್ಮ ಕಣ್ಣಳತೆಯ ಮೇಲೆ ಭಾರಿ ನಂಬಿಕೆ. ಹಣೆಗೇರಿಸಿದ ಕನ್ನಡಕವನ್ನು ಮೇಜಿನ ಕೆಳಗೆಲ್ಲ ಹುಡುಕುವ ಮಹಾನುಭಾವರು, ದವಡೆ ಕೊಯ್ಯುವಾಗ ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲವಂತೆ. ನಾನು ಅದೇ ಆಸ್ಪತ್ರೆಯಲ್ಲಿ ಗೈಡ್ ತಯಾರಿಸುವವಳು. ರೋಗಿಯ ಸ್ಕ್ಯಾನ್ ನೋಡಿ, ಅವರೊಬ್ಬರ ಹಲ್ಲು ಮೂಳೆಗೆ ಮಾತ್ರ ಕಚ್ಚಿ ಕೂರುವಂಥ ಅಚ್ಚನ್ನು ಯಂತ್ರದಲ್ಲಿ ಮುದ್ರಿಸುತ್ತೇನೆ. ಅದರಲ್ಲೊಂದು ಸೀಳು ಇರುತ್ತದೆ. ಗರಗಸ ಆ ಸೀಳು ಬಿಟ್ಟು ಆಚೀಚೆ ಹೋಗುವಂತಿಲ್ಲ.

ಈ ಸಲದ ದವಡೆ ನಮ್ಮಕ್ಕನ ಮಗಳದು. ಹತ್ತೊಂಬತ್ತು ತುಂಬಿದರೂ ಅವಳ ಮೇಲಿನ ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗಿದ್ದೇ ಇಲ್ಲ. ಬಿಸ್ಕತ್ತನ್ನೂ ಕೈಯಲ್ಲಿ ಮುರಿದು ಬಾಯಿಯ ಮೂಲೆಗೆ ತಳ್ಳಬೇಕು. ನಾಲ್ಕು ಜನರ ಮುಂದೆ ಏನು ಕೊಟ್ಟರೂ "ಹಸಿವಿಲ್ಲ" ಅನ್ನುತ್ತಾಳೆ. ಅದು ಸುಳ್ಳೆಂದು ನನಗೆ ಗೊತ್ತು; ದವಡೆ ಕೊಯ್ದು ಸರಿಯಾಗಿ ಕೂರಿಸಿದರೆ ಅವಳೂ ಎಲ್ಲರಂತೆ ಕಚ್ಚಿ ತಿನ್ನಬಹುದು. ಅದಕ್ಕೇ ಅವಳ ಗೈಡನ್ನು ಮೂರು ಸಲ ತಿದ್ದಿ ಮಾಡಿದ್ದೆ.

ಆಪರೇಷನ್ ದಿನ ಬೆಳಿಗ್ಗೆ ನೋಡಿದರೆ ಗೈಡ್ ನಾಪತ್ತೆ! ಹಿಂದಿನ ದಿನ ಬಂದ ಗಣ್ಯರಿಗೆ ತೋರಿಸಲೆಂದು ಮುಖ್ಯ ವೈದ್ಯ ಸಾಹೇಬರು ಅದನ್ನೊಯ್ದು ತಮ್ಮ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮೇಲೊಂದು ದೀಪ, ಕೆಳಗೆ "ನಿಖರತೆಯೇ ನಮ್ಮ ಉಸಿರು" ಎಂಬ ಫಲಕ. ಬೀಗದ ಕೈ ಅವರ ಪ್ಯಾಂಟಿನ ಜೇಬಿನಲ್ಲಿ, ಪ್ಯಾಂಟು ಲಾಕರಿನಲ್ಲಿ, ಅವರು ಕೈ ತೊಳೆದು ಥಿಯೇಟರಿನಲ್ಲಿ.

"ಸರ್, ಲಾಕರ್ ನಂಬರ್ ಹೇಳಿ, ಬೀಗದ ಕೈ ತರ್ತೀನಿ."

"ಅದನ್ನ ಮುಟ್ಬೇಡಮ್ಮ. ಮಧ್ಯಾಹ್ನ ಇನ್ನೊಂದು ತಂಡ ನೋಡೋಕೆ ಬರುತ್ತೆ. ನನ್ನ ಕಣ್ಣಿಲ್ವಾ?"

ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನ ಮುಖ ನೋಡಿದರು. "ಬಿ.ಪಿ. ಯಾಕೋ ಸರಿಯಿಲ್ಲ ಸರ್, ಒಂದು ಗಂಟೆ ತಡೀರಿ" ಎಂದರು. ಹುಡುಗಿಯ ಬಿ.ಪಿ. ನೆಟ್ಟಗೇ ಇತ್ತು.

ಹೊಸದು ಮುದ್ರಿಸಲು ಐದು ಗಂಟೆ ಬೇಕು. ಸಾಹೇಬರ ಕೋಣೆಗೆ ಓಡಿದೆ. ಪೆಟ್ಟಿಗೆಯ ಪಕ್ಕದಲ್ಲೇ ಅವರಿಗೆ ನಿಖರತೆಗೆಂದು ಬಂದಿದ್ದ ಹಿತ್ತಾಳೆಯ ಪಾರಿತೋಷಕ. ಎರಡೂ ಕೈಯಲ್ಲಿ ಎತ್ತಿ ಬೀಸಿದೆ. ಮೊದಲ ಏಟು ಗೋಡೆಗೆ ಬಿತ್ತು. ನನ್ನದೂ ಕಣ್ಣಳತೆ ತಾನೇ! ಎರಡನೆಯದಕ್ಕೆ ಗಾಜು ಚೂರಾಯಿತು.

ತೊಳೆದು, ಸ್ಟೆರಿಲೈಸ್ ಮಾಡಿಸಿ ತಂದ ಗೈಡ್ ಅವಳ ದವಡೆಗೆ ಟಕ್ಕನೆ ಕೂತಿತು. ಎಲ್ಲರ ಕಣ್ಣೂ ತಮ್ಮ ಮೇಲಿರುವುದನ್ನು ಕಂಡ ಸಾಹೇಬರು ಗರಗಸ ಎತ್ತಿಕೊಂಡು, "ನಾನು ಯಾವಾಗ್ಲೂ ಹೇಳ್ತಿರ್ಲಿಲ್ವಾ? ಗೈಡ್ ಇಲ್ದೆ ಮೂಳೆ ಮುಟ್ಬಾರ್ದು" ಎಂದರು.

ಮೂರು ತಿಂಗಳ ಮೇಲೆ ನನಗೆ ನೋಟಿಸು ಬಂತು: ಗಾಜು ಒಡೆದ ಕಾರಣವನ್ನು ಆಧಾರಸಹಿತ ವಿವರಿಸತಕ್ಕದ್ದು. ಕಚೇರಿ ಮಂದಿಯೆಲ್ಲ ನನ್ನ ಮೇಜಿನ ಸುತ್ತ ನಿಂತು ಲೊಚಗುಟ್ಟುತ್ತಿದ್ದಾಗ ತಪಾಸಣೆಗೆ ಬಂದಿದ್ದ ಅಕ್ಕನ ಮಗಳು ಒಳಗೆ ಬಂದಳು. ನನ್ನ ತಟ್ಟೆಯಿಂದ ಬಿಸ್ಕತ್ತೊಂದನ್ನು ಎತ್ತಿ, ಮುರಿಯದೆ, ಮುಂದಿನ ಹಲ್ಲಲ್ಲಿ ಕಟಕ್ಕನೆ ಕಚ್ಚಿದಳು. ನನಗೆ ಅಳುವೇ ಬಂತು. ಕಣ್ಣೊರೆಸಿಕೊಂಡು, ಅಂಚಿನಲ್ಲಿ ಹಲ್ಲಿನ ಗುರುತು ಅಚ್ಚುಕಟ್ಟಾಗಿ ಮೂಡಿದ್ದ ಉಳಿದ ತುಂಡನ್ನು ಕಸಿದುಕೊಂಡು, ಬರೆದಿಟ್ಟ ಉತ್ತರದ ಜೊತೆ ಆಧಾರವೆಂದು ಲಕೋಟೆಗೆ ಹಾಕಿದೆ.

"ಚಿಕ್ಕಮ್ಮಾ, ಕೊಡು ಇಲ್ಲಿ" ಎಂದಳು ಅಷ್ಟೂ ಜನರ ಎದುರಿಗೆ. "ಹಸಿವಾಗ್ತಿದೆ ನಂಗೆ."