ಸವತಿಯ ಲೇಸು

"ಇದನ್ನ ಕೊಳ್ಳಾಗ ಹಾಕ್ಕೊಳ್ಳೋ ಹಂಗ ಮಾಡಿಕೊಡ್ರಿ," ಎಂದು ಶ್ರೀದೇವಿ ಚೀಲದಿಂದ ಒಂದು ಹಳೆಯ ಕುಪ್ಪಸ ತೆಗೆದು ಶಬನಮ್ ಮುಂದಿಟ್ಟಳು. ಅದರ ಬಿಳಿ ಹಳದಿಗೆ ತಿರುಗಿತ್ತು. ತೋಳಿನ ಅಂಚಿನ ಲೇಸು ಮಾತ್ರ ಇನ್ನೂ ಗಟ್ಟಿಯಾಗಿತ್ತು.

ರಾಣೆಬೆನ್ನೂರಿನ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಶಬನಮ್ ಹಳೆಯ ಸೀರೆ, ದುಪಟ್ಟಾ, ಲೇಸುಗಳನ್ನು ಕತ್ತರಿಸಿ ಓಲೆ, ಸರ ಮಾಡುತ್ತಿದ್ದಳು. ಕಾಲೇಜು ಹುಡುಗಿಯರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು.

"ಯಾರದ್ರಿ ಅಕ್ಕಾರ ಇದು?"

"ನಮ್ಮನಿಯವ್ರ ಮದಲನೇ ಹೇಂತಿದು. ಹೋದ ವರ್ಷ ಅಕಿ ತೀರಿಕೊಂಡ್ಳು."

ಸತ್ತವಳ ಹೆಸರಿನಲ್ಲಿ ಎರಡನೆಯವಳು ಕೊರಳಿಗೆ ಏನಾದರೂ ಕಟ್ಟಿಕೊಳ್ಳುವುದು ಅವರ ಮನೆತನದ ಪದ್ಧತಿಯಂತೆ. ಬೆಳ್ಳಿಯ ಪದಕ ಮಾಡಿಸಿದ್ದರು. ಅದರ ಕೊಂಡಿ ಮತ್ತೆ ಮತ್ತೆ ತಾನಾಗಿ ಬಿಚ್ಚಿ ಬೀಳುತ್ತಿತ್ತು.

"ಅಕಿಗೆ ಬೆಳ್ಳಿ ಬ್ಯಾಡಂತ, ಅಂತಾರ ನಮ್ಮತ್ತಿ. ಅಕಿ ಮೈಮ್ಯಾಲೆ ತೊಟ್ಟ ಅರಬಿನ ಬೇಕಂತ."

ತೀರಿಕೊಂಡವಳ ಮಗಳು, ಐದು ವರ್ಷದ ಭೂಮಿಕಾ, ಹೊಸ್ತಿಲಾಚೆಯೇ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ.

"ನನ್ನ ಕೈಲೆ ಒಂದು ತುತ್ತು ತಿಂದಿಲ್ರಿ," ಶ್ರೀದೇವಿ ದನಿ ತಗ್ಗಿಸಿದಳು. "ಮುಟ್ಟಿದ್ರ ಸಾಕು, ಕಟಗಿ ಆದಂಗ ಆಗಿ ನಿಂತಬಿಡತೈತಿ."

ಅವರು ಹೋದಮೇಲೆ ಶಬನಮ್‌ಳ ಅತ್ತೆ ಸೈದಾಬಿ ಕುಪ್ಪಸವನ್ನು ದೂರದಿಂದಲೇ ನೋಡಿ, "ಸತ್ತೋರ ಅರಬಿಗೆ ಕತ್ತರಿ ಹಚ್ಚಬ್ಯಾಡ್ವಾ," ಎಂದಳು. ಶಬನಮ್ ನಕ್ಕು ಕತ್ತರಿ ಎತ್ತಿಕೊಂಡಳು. ಕಲೆ ಹೋಗಲೆಂದು ಲೇಸನ್ನು ಸೋಪಿನ ನೀರಲ್ಲಿ ಕುದಿಸಿದಳು, ಮತ್ತೆ ಕುದಿಸಿದಳು. ಒಣಗಿಸಿ, ಅಂಟು ಸವರಿ ಬಿರುಸು ಮಾಡಿ, ಅಂಚಿಗೆ ಮುತ್ತು ಪೋಣಿಸಿದಳು. ಹೊಲಿಯುವಾಗ ಅದು ಕೈಯಲ್ಲಿ ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ಮೈಮೇಲಿಂದ ಬಿಚ್ಚಿಟ್ಟಂತೆ. ಬೇಸಿಗೆಯ ಝಳ ಇದ್ದೀತು ಎಂದುಕೊಂಡಳು. ಆದರೆ ಪಕ್ಕದಲ್ಲಿದ್ದ ಬೇರೆ ಬಟ್ಟೆ ಮುಟ್ಟಿ ನೋಡಿದರೆ ತಣ್ಣಗಿತ್ತು.

ಸರ ಒಯ್ಯಲು ಶ್ರೀದೇವಿ ಮಗುವಿನೊಂದಿಗೇ ಬಂದಳು. ಶಬನಮ್ ಅವಳ ಕೊರಳಿಗೆ ಕಟ್ಟಿ ಕನ್ನಡಿ ಹಿಡಿದಳು. ಲೇಸು ಅವಳಿಗಾಗಿಯೇ ಅಳತೆ ತೆಗೆದಂತೆ ಕೂತಿತ್ತು.

ಭೂಮಿಕಾ ಹೊಸ್ತಿಲು ದಾಟಿ ಬಂದಳು. ಯಾರೂ ಕರೆದಿರಲಿಲ್ಲ. ಸೀದಾ ಶ್ರೀದೇವಿಯ ತೊಡೆಯೇರಿ ಅವಳ ಕೊರಳಲ್ಲಿ ಮುಖ ಹುದುಗಿಸಿದಳು.

"ಅವ್ವನ ವಾಸನಿ," ಎಂದಿತು ಮಗು.

ಶ್ರೀದೇವಿಯ ಕಣ್ಣು ತುಂಬಿ ಬಂದವು. ಶಬನಮ್ ತನ್ನ ಬೆರಳು ಮೂಸಿ ನೋಡಿಕೊಂಡಳು. ಅಂಟಿನ ನಾತ ಬಿಟ್ಟರೆ ಏನೂ ಇರಲಿಲ್ಲ.

ಮಗು ಲೇಸಿಗೆ ತುಟಿ ಹಚ್ಚಿ ಏನೋ ಪಿಸುಗುಟ್ಟತೊಡಗಿತು. ನಡುವೆ ಸುಮ್ಮನಾಯಿತು, ಉತ್ತರಕ್ಕೆ ಕಿವಿಗೊಟ್ಟವರ ಹಾಗೆ. ಆಮೇಲೆ "ಹ್ಞೂಂ" ಎಂದು ನಕ್ಕಿತು.

"ಏನಂದ್ಳು ಪುಟ್ಟಾ ಅವ್ವ?" ಶ್ರೀದೇವಿ ಮೆಲ್ಲಗೆ ಕೇಳಿದಳು.

ಮಗು ತಲೆಯೆತ್ತಿ ಅವಳ ಮುಖವನ್ನು ಮೊದಲ ಸಲ ನೋಡುವಂತೆ ನೋಡಿತು. "ನಿನಗ ಹೇಳಬ್ಯಾಡ ಅಂದಾಳ."

ಶಬನಮ್ ಕನ್ನಡಿ ಕೆಳಗಿಟ್ಟಳು. "ಅಕ್ಕಾರ, ಕೊಡ್ರಿಲ್ಲೆ. ಬಿಚ್ಚಿ ಇಟ್ಟಬಿಡ್ತೇನಿ," ಎಂದು ಗಂಟಿಗೆ ಕೈಹಾಕಿದಳು.

ಶ್ರೀದೇವಿ ಅವಳ ಕೈ ಹಿಡಿದು ತಡೆದಳು. "ಬ್ಯಾಡ್ರಿ. ಇವತ್ತ ನನ್ನ ತೊಡಿಮ್ಯಾಲೆ ಬಂದು ಕುಂತೈತಿ. ಇರ್ಲಿ ಬಿಡ್ರಿ."

ಮಗುವನ್ನು ಎತ್ತಿಕೊಂಡು ಅವಳು ಓಣಿಗಿಳಿದಳು. ಶಬನಮ್ ಬಾಗಿಲಲ್ಲಿ ನಿಂತು ನೋಡಿದಳು. ಬಿಸಿಲಿನಲ್ಲಿ ಶ್ರೀದೇವಿ ಗದ್ದವನ್ನು ಮೇಲಕ್ಕೆತ್ತಿ, ಅತ್ತಿತ್ತ ಹೊರಳಿಸದೆ, ನೀರು ತುಂಬಿದ ಕೊಡ ಹೊತ್ತವಳಂತೆ ಜೋಕೆಯಿಂದ ನಡೆಯುತ್ತಿದ್ದಳು. ಅವಳ ಕೊರಳ ಬಳಿ ಮಗುವಿನ ತುಟಿ ಎಡೆಬಿಡದೆ ಅಲುಗುತ್ತಿತ್ತು.