ವಾಲಿದ ಗಾಡಿಯ ಫ್ರಿಜ್ಜು

ಹದಿನಾಲ್ಕು ದಿನ ಮುಗಿಯಿತೆಂದರೆ ಅಮೆರಿಕದ ಅರಿಜೋನಾದಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡವರು ತಂಗುವ ಆ ಸರ್ಕಾರಿ ಬಯಲಿನಿಂದ ಯಾರೇ ಆಗಲಿ ಬಿಡಾರ ಕಿತ್ತು ದೂರ ಹೋಗಲೇಬೇಕು. ಗಂಡ ಸತ್ತು ಎರಡು ತಿಂಗಳಾಯಿತು ಎಂದರೆ ಕಾಯಿದೆ ಕೇಳುತ್ತದೆಯೇ? ಓಲೀಟಾ ತಮ್ಮ ಗಾಡಿಮನೆಯನ್ನು ಮೊದಲ ಸಲ ಒಬ್ಬಳೇ ಓಡಿಸಿಕೊಂಡು ಬಂದು ಹೊಸ ಜಾಗದ ಕಲ್ಲುನೆಲದ ಮೇಲೆ ನಿಲ್ಲಿಸಿದಳು. ಹಳೆಯ ಬಸ್ಸನ್ನೇ ಮನೆ ಮಾಡಿಕೊಂಡಿದ್ದ ಗಂಡನ ಗೆಳೆಯ ರಾಸ್ಕೊ ಹಿಂದೆಯೇ ಬಂದು ಸ್ವಲ್ಪ ಆಚೆ ತಂಗಿದ.

"ಗಾಡಿ ವಾಲಿದೆ ಕಣಮ್ಮ. ಚಕ್ರದ ಕೆಳಗೆ ಹಲಗೆ ಕೊಡ್ಲಾ?" ಎಂದು ಕೇಳಿದ.

"ನಂಗೇನು ಕೈಕಾಲು ಬಿದ್ದುಹೋಗಿದ್ಯಾ? ನಾಳೆ ನಾನೇ ಕೊಟ್ಕೋತೀನಿ."

ನಾಳೆ ಬಂತು, ಹೋಯಿತು. ನಿಜ ಹೇಳಬೇಕೆಂದರೆ ಆ ವಾಲು ಅವಳಿಗೆ ಹಿತವಾಗಿತ್ತು. ತಲೆಯ ಕಡೆ ಎತ್ತರವಾಗಿ, ಎದೆಯುರಿಯಿಲ್ಲದೆ ನಿದ್ದೆ ಹತ್ತುತ್ತಿತ್ತು. ಗಂಡ ಡೆಲ್ಬರ್ಟ್ ಎಲ್ಲಿ ನಿಂತರೂ ಮೊದಲು ನೆಲದ ಮಟ್ಟ ನೋಡುವ ರಸಮಟ್ಟ ಹಿಡಿದು ಅರ್ಧ ಗಂಟೆ ಹಲಗೆ ತಳ್ಳುತ್ತಿದ್ದ. "ಮಲಗೋಕೆ ಗಾಡಿ ನಿಲ್ಸಿದ್ದೀಯೋ, ಬಿಲಿಯರ್ಡ್ಸ್ ಆಡೋಕೋ?" ಎಂದು ಇವಳು ಛೇಡಿಸುತ್ತಿದ್ದಳು. ಯಾಕೆ ಎಂದು ಒಂದು ದಿನವೂ ಕೇಳಿದವಳಲ್ಲ. ಗ್ಯಾಸಿನ ಉರಿಯಿಂದ ನಡೆಯುವ ಗಾಡಿಯ ಫ್ರಿಜ್ಜು ಅವನ ಪಾಲಿನ ಕೆಲಸ, ಅಡಿಗೆಯೂ ಅವನದೇ.

ಆ ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಅವನು ಮಾಡಿಟ್ಟ ಹಸಿಮೆಣಸಿನ ಹಂದಿಮಾಂಸದ ಸಾರು ಒಂದು ಡಬ್ಬಿ ಹೆಪ್ಪುಗಟ್ಟಿ ಕೂತಿತ್ತು. ಅದೇ ಕೊನೆಯದು. ಮಾರ್ಚಿನಲ್ಲಿ ಅವನ ಹುಟ್ಟುಹಬ್ಬದ ದಿನ ಬಿಸಿ ಮಾಡಿ ಉಣ್ಣಬೇಕೆಂದು ಅವಳ ಆಸೆ. ತಂಪು ಹೊರಟುಹೋದೀತೆಂದು ಬಾಗಿಲನ್ನೂ ತೆರೆಯದೆ, ಡಬ್ಬದ ಕಾಳು ತಿಂದುಕೊಂಡು, ಗ್ಯಾಸಿನ ಉರಿ ಆರದಂತೆ ನೋಡಿಕೊಂಡು ಮೂರು ದಿನ ಆ ಡಬ್ಬಿಯನ್ನು ಕಾಪಾಡಿದಳು, ಪಾಪ.

ನಾಲ್ಕನೆಯ ದಿನ ಮಧ್ಯಾಹ್ನ ಸಿಲಿಂಡರ್ ತಂದ ರಾಸ್ಕೊ ಒಳಗೆ ಕಾಲಿಡುತ್ತಲೇ ಮೂಗು ಮುಚ್ಚಿಕೊಂಡು, ಗ್ಯಾಸು ಆರಿಸಿ, ಕಿಟಕಿಗಳನ್ನೆಲ್ಲ ತೆರೆದ.

"ಅಮೋನಿಯಾ ವಾಸನೆ ಇದು. ಫ್ರಿಜ್ಜಿನ ಕಥೆ ಮುಗೀತು."

"ಫ್ರಿಜ್ಜಿನ ಮೇಲೆ ಹಸಿರು ದೀಪ ಇತ್ತಲ್ಲ. ಉರಿನೂ ಉರೀತಿತ್ತು."

"ಉರಿದ್ರೆ ತಂಪಾಗಿಬಿಡುತ್ತಾ? ಗಾಡಿ ವಾಲಿದ್ರೆ ಒಳಗಿನ ಅಮೋನಿಯಾ ನೀರು ಹರಿಯಲ್ಲ. ನಿಂತಲ್ಲೇ ಕುದ್ದು ಕೊಳವೆ ಸುಟ್ಟು ಸೋರುತ್ತೆ. ಡೆಲ್ಬರ್ಟ್ ಹೇಳಿರ್ಲಿಲ್ವಾ?"

ಹೇಳಲು ಇವಳು ಬಿಟ್ಟಿದ್ದರೆ ತಾನೆ!

ಡಬ್ಬಿ ಬೆಚ್ಚಗಿತ್ತು. ಮುಚ್ಚಳ ತೆಗೆದರೆ ನೊರೆ, ಹುಳಿ ನಾತ. "ಚೆನ್ನಾಗಿ ಕುದಿಸಿದ್ರೆ..." ಎಂದಳು. ರಾಸ್ಕೊ ಬೇಡವೆಂದು ತಲೆಯಾಡಿಸಿದ. ಅವನು ತಡೆಯುವಷ್ಟರಲ್ಲಿ ಅವಳು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೇಬಿಟ್ಟಳು. ಬರೀ ಹುಳಿ. ಉಗುಳಿದಳು. ಅದರ ಹಿಂದಿನ ಒಳ್ಳೆಯ ರುಚಿಯನ್ನು ನೆನಪಿಸಿಕೊಳ್ಳಲು ನೋಡಿದಳು. ನಲವತ್ತು ವರ್ಷ ಉಂಡ ಸಾರಿನ ರುಚಿ, ಬಾಯಿಗೆ ಬರಲೇ ಇಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು.

ಗುಳ್ಳೆನರಿಗಳು ಬರುತ್ತವೆಂದು ರಾಸ್ಕೊ ಸಾರನ್ನು ಹೂಳಲು ಆಳವಾಗಿ ಗುಂಡಿ ತೋಡತೊಡಗಿದ. ಅವಳು ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಳು.

"ನವೆಂಬರಲ್ಲಿ ನೀನೂ ಈ ಸಾರು ಉಂಡಿದ್ಯಲ್ಲ. ಹೇಗಿತ್ತು ಹೇಳು."

ರಾಸ್ಕೊ ಸಲಿಕೆ ಊರಿ ಹಣೆ ಒರೆಸಿಕೊಂಡ.

"ಖಾರ ಇತ್ತು."

"ಆಮೇಲೆ?"

"ಅಷ್ಟೇ ನೆನಪು, ಓಲೀಟಾ."