ಮಾವನ ಕಪ್ಪು ಗುಳಿ

ನನ್ನ ಸೋದರಮಾವನಿಗೆ ವೀಕ್ಷಣಾಲಯದಲ್ಲಿದ್ದ ಅಡ್ಡಹೆಸರು ಕತ್ತರಿ. ಎದುರಾಡಿದವರ ಹೆಸರನ್ನು ಸಂಶೋಧನಾ ಪ್ರಬಂಧದಿಂದ ಕತ್ತರಿಸುವುದು ಅವನ ಹಳೇ ಚಾಳಿ. ಅವನ ಗುಂಪಿಗೆ ನಾನು ಸೇರಿದ ದಿನವೇ ಕೋಣೆಗೆ ಕರೆದು, "ಇಲ್ಲಿ ಮಾವ ಗೀವ ಅನ್ಬೇಡ. ಸರ್ ಅನ್ನು," ಎಂದಿದ್ದ. ಅಮ್ಮ ಮಾತ್ರ "ಕೆಲಸ ಕೊಟ್ಟೋನು, ಅವನ ಋಣ ಮರೀಬೇಡ ಕಣೇ" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದಳು.

ನಮ್ಮದು ಅವಕೆಂಪು, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಕೆಲಸ. ದೈತ್ಯ ನಕ್ಷತ್ರಗಳು ಹುಟ್ಟುವ ದಟ್ಟ ಧೂಳುಮೋಡಗಳಿಂದ ಕಣ್ಣಿಗೆ ಕಾಣುವ ಬೆಳಕು ಹೊರಬರುವುದಿಲ್ಲ, ಇದು ಬರುತ್ತದೆ. ತಾಪತ್ರಯವೆಂದರೆ, ಈ ಬೆಳಕಿನಲ್ಲಿ ಆಕಾಶವೂ ಹೊಳೆಯುತ್ತದೆ, ದೂರದರ್ಶಕವೂ ಹೊಳೆಯುತ್ತದೆ. ಅದಕ್ಕೇ ಮೋಡದ ಚಿತ್ರ ತೆಗೆದ ಮೇಲೆ ಪಕ್ಕದ ಖಾಲಿ ಆಕಾಶದ್ದೂ ಒಂದು ತೆಗೆದು, ಮೊದಲಿನದರಿಂದ ಕಳೆಯಬೇಕು. ಖಾಲಿ ಎಂದುಕೊಂಡ ಕಡೆ ನಕ್ಷತ್ರವೊಂದು ಕೂತಿದ್ದರೆ ಮುಗಿಯಿತು: ಕಳೆದಾಗ ಮೋಡದಲ್ಲಿ ಕಪ್ಪು ಗುಳಿ ಬೀಳುತ್ತದೆ.

ಅಂಥದೊಂದು ಗುಳಿಯನ್ನು ಹಿಡಿದು ಮಾವ ಕುಣಿಯತೊಡಗಿದ. ತಣ್ಣನೆಯ ಧೂಳಿನ ಗಂಟಂತೆ, ಅದರೊಳಗೆ ಇನ್ನೂ ಹುಟ್ಟದ ದೈತ್ಯ ನಕ್ಷತ್ರವಂತೆ!

"ಸರ್, ಖಾಲಿ ಆಕಾಶ ಒಂದೇ ಕಡೆ ತೆಗೆದಿದೀವಿ. ಇನ್ನೂ ನಾಕು ಕಡೆ ತೆಗೆದು ನೋಡೋಣ," ಎಂದೆ.

"ಟೈಮ್ ದಂಡ. ನಂಗೇ ಪಾಠ ಹೇಳ್ಕೊಡ್ತೀಯಾ? ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು!"

ಮಾರನೇ ದಿನ ಪ್ರಬಂಧದಲ್ಲಿ ನನ್ನ ಹೆಸರಿರಲಿಲ್ಲ. ನನ್ನ ವರ್ಷಗಳ ದುಡಿಮೆ ಅದರಲ್ಲಿತ್ತು. ಹೆಸರಿಲ್ಲದೆ ನನಗೆ ಬೇರೆಲ್ಲೂ ಕೆಲಸ ಸಿಗುವಂತಿರಲಿಲ್ಲ. ಅಮ್ಮನಿಗೆ ಹೇಳಿದರೆ, "ನಿನಗಿಂತ ದೊಡ್ಡೋನು, ಏನೋ ಯೋಚ್ನೆ ಮಾಡಿರ್ತಾನೆ. ಸುಮ್ನಿರು," ಎಂದಳು.

ಪ್ರಬಂಧ ಮಂಡಿಸುವ ಸಭೆಯ ದಿನ ಮಾವ ಹೊಸ ಕೋಟು ತೊಟ್ಟು ಗುಳಿಯನ್ನು ಪರದೆಯ ತುಂಬ ತೋರಿಸಿದ. ಮುಂದಿನ ಸಾಲಿನಲ್ಲಿದ್ದ ವೀಕ್ಷಣಾಲಯದ ನಿರ್ದೇಶಕಿ ಕನ್ನಡಕ ಏರಿಸಿಕೊಂಡು, "ಖಾಲಿ ಆಕಾಶದ ಚಿತ್ರ ಹಾಕಿ, ನೋಡೋಣ," ಎಂದರು.

ಹಾಕಿದ. ಗುಳಿಯಿದ್ದ ಜಾಗದಲ್ಲೇ ಒಂದು ನಕ್ಷತ್ರ ದುಂಡಗೆ ಕೂತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಮಾವನ ಮುಖ ಹುಳ್ಳಗಾಯಿತು. ತಕ್ಷಣ ಅವನ ಬೆರಳು ನನ್ನ ಕಡೆ ತಿರುಗಿತು. "ಕಳೆಯೋ ಕೆಲಸ ಎಲ್ಲಾ ಇವಳದ್ದು. ನಮ್ಮಕ್ಕನ ಮಗಳು ಅಂತ ನಂಬಿ ಕೆಟ್ಟೆ."

ಇಷ್ಟು ವರ್ಷ ಸರ್ ಅನ್ನಿಸಿಕೊಂಡವನಿಗೆ ಈಗ ನೆಂಟಸ್ತನ ನೆನಪಾಗಿತ್ತು. ಎದ್ದು ನಿಂತೆ.

"ಪ್ರಬಂಧದ ಮೊದಲನೇ ಪುಟ ತೋರಿಸಿ ಮಾವ. ಕೆಲಸ ಮಾಡಿದೋರ ಹೆಸರಿರುತ್ತಲ್ಲ, ಅದ್ರಲ್ಲಿ ನಾನೆಲ್ಲಿದೀನಿ?"

ಅವನು ಪರದೆ ಆರಿಸಿಬಿಟ್ಟ. ನಿರ್ದೇಶಕಿಯೇ ತಮ್ಮ ಕೈಲಿದ್ದ ಪ್ರತಿಯ ಮೊದಲ ಪುಟ ತೆಗೆದು, ಗಟ್ಟಿಯಾಗಿ ಓದಿದರು. ಅಲ್ಲಿದ್ದದ್ದು ಅವನೊಬ್ಬನ ಹೆಸರು.